ಮೊದಲು ಲೈಸೆನ್ಸು, ಆಮೇಲೆ ಅಕ್ಷತೆ

ಕಳೆದ ಸಂಚಿಕೆಯಲ್ಲಿ ಅಮೆರಿಕದಲ್ಲಿ ಉಯಿಲು ಬರೆಯುವ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳನ್ನು ನೋಡಿದರೆ ನಮ್ಮವರಿಗೆ ಆಸ್ತಿಗಿಂತ ಮದುವೆಯ ಚಿಂತೆಯೇ ಜಾಸ್ತಿ. ಇರಲಿ, ಒಹಾಯೊ ರಾಜ್ಯದಲ್ಲಿ ಎರಡೂ ನಡೆಯುವುದು ಒಂದೇ ಕಚೇರಿಯಲ್ಲಿ. ಉಯಿಲು, ವಾರಸುದಾರಿಕೆ ನೋಡುವ ಪ್ರೊಬೇಟ್ ಕೋರ್ಟೇ ಮದುವೆ ಲೈಸೆನ್ಸನ್ನೂ ಕೊಡುತ್ತದೆ. ರಾಜ್ಯದಲ್ಲಿ 88 ಕೌಂಟಿಗಳಿವೆ, ಅಂದರೆ ನಮ್ಮ ಜಿಲ್ಲೆಗಳ ಹಾಗೆ. ಅದರಲ್ಲೊಂದು ಕೌಂಟಿಯ ಕೋರ್ಟಿನಲ್ಲಿ ಮದುವೆ ಕೌಂಟರಿನ ಒಳಗಡೆ ಕೂತು ನಿವೃತ್ತಳಾದವಳು ನಾನು. ಹಾಗಾಗಿ ಈ ಸಲದ ಉತ್ತರಗಳು ಹೆಚ್ಚಾಗಿ ಒಹಾಯೊ ಲೆಕ್ಕದವು. ಬೇರೆ ರಾಜ್ಯದ ಮಾತು ಬಂದ ಕಡೆ ಬಿಡಿಸಿ ಹೇಳಿದ್ದೇನೆ.

ಫೀಸು ಎಷ್ಟು ಅಂತ ಹಲವರು ಕೇಳಿದ್ದೀರಿ. ಅದು ಕೌಂಟಿಯಿಂದ ಕೌಂಟಿಗೆ ಬೇರೆ, ನಿಮ್ಮ ಕೌಂಟಿಯ ಕೋರ್ಟಿಗೇ ಫೋನ್ ಮಾಡಿ. ಆದರೆ ಎಲ್ಲಿ ಕಟ್ಟಿದರೂ ಅದರಲ್ಲಿ 17 ಡಾಲರ್, ಮನೆಯಲ್ಲಿ ಹೊಡೆತ ತಿಂದು ಹೊರಬಂದವರಿಗೆ ಆಸರೆ ಕೊಡುವ ಶೆಲ್ಟರ್‌ಗಳಿಗೆ ಹೋಗುತ್ತದೆ. ಮದುವೆಯಾಗಲು ಬಂದವರ ಕೈಯಲ್ಲೇ ಅದನ್ನು ಕಟ್ಟಿಸಬೇಕು ಅಂತ ಯಾರಿಗೆ ಹೊಳೆಯಿತೋ, ಬುದ್ಧಿವಂತರು.

ಪ್ರಶ್ನೆ: ಮಗಳು ಕೊಲಂಬಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಹುಡುಗ ಕ್ಲೀವ್‌ಲ್ಯಾಂಡ್‌ನಲ್ಲಿದ್ದಾನೆ, ಧಾರವಾಡದ ಕಡೆಯವರು. ಶ್ರಾವಣದಲ್ಲಿ ಅಲ್ಲೇ ದೇವಸ್ಥಾನದ ಹಾಲ್‌ನಲ್ಲಿ ಧಾರೆ. ಈಗ ಮಗಳು ‘ಅದಕ್ಕೆ ಮುಂಚೆ ಕೋರ್ಟಿಗೆ ಹೋಗಿಬರಬೇಕು’ ಅನ್ನುತ್ತಿದ್ದಾಳೆ. ನಮ್ಮ ಯಜಮಾನರು ‘ನಾವು ಮಾಡ್ತಿರೋದು ಶಾಸ್ತ್ರೋಕ್ತವಾದ ಮದುವೆ, ರಿಜಿಸ್ಟರ್ ಮದುವೆ ಅಲ್ಲ’ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಧಾರೆಗೆ ಮುಂಚೆಯೇ ಮದುವೆ ಆಗಿಹೋದ ಹಾಗಾಗುವುದಿಲ್ವಾ? ಸಾಕ್ಷಿ ಹಾಕಲು ನಾವೂ ಹೋಗಬೇಕಾ?
— ಒಬ್ಬ ತಾಯಿ, ಮೈಸೂರು

ಉತ್ತರ: ಯಜಮಾನರಿಗೆ ಧೈರ್ಯ ಹೇಳಿ. ಲೈಸೆನ್ಸ್ ತೆಗೆದುಕೊಂಡ ದಿನ ಯಾರ ಮದುವೆಯೂ ಆಗುವುದಿಲ್ಲ. ಕೋರ್ಟಿಗೆ ಹೋದವಳು ಹೋದ ಹಾಗೇ ಕನ್ಯೆಯಾಗಿ ವಾಪಸ್ ಬರುತ್ತಾಳೆ.

ಗೊಂದಲ ಎಲ್ಲಿ ಅಂದರೆ, ನಮ್ಮಲ್ಲಿ ಮದುವೆ ಮೊದಲು, ಕಾಗದ ಆಮೇಲೆ. ತಾಳಿ ಕಟ್ಟಿ, ಊಟ ಹಾಕಿ, ಬೀಗರನ್ನು ಕಳಿಸಿ, ಪುರುಸೊತ್ತಾದಾಗ ಲಗ್ನಪತ್ರಿಕೆ ಮತ್ತು ಫೋಟೋ ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತೇವೆ. ಅಮೆರಿಕದಲ್ಲಿ ಮೊದಲು ಅನುಮತಿ. ‘ಈ ಇಬ್ಬರೂ ಮದುವೆಯಾಗಲು ಅಡ್ಡಿಯಿಲ್ಲ’ ಅಂತ ಕೋರ್ಟು ಒಂದು ಕಾಗದ ಕೊಡುತ್ತದೆ. ಆ ಕಾಗದ ಇಟ್ಟುಕೊಂಡು ನಿಮ್ಮ ಪುರೋಹಿತರು ನಿಮ್ಮ ಮುಹೂರ್ತದಲ್ಲಿ ನಿಮ್ಮ ಶಾಸ್ತ್ರದ ಪ್ರಕಾರವೇ ಮದುವೆ ಮಾಡಿಸುತ್ತಾರೆ. ಕಾನೂನಿನ ಲೆಕ್ಕದಲ್ಲೂ ಮದುವೆಯ ದಿನ ಅಂದರೆ ಆ ಧಾರೆಯ ದಿನವೇ. ಅದಾದ ಮೇಲೆ ಪುರೋಹಿತರು ಸಹಿ ಹಾಕಿ 30 ದಿನದೊಳಗೆ ಕೋರ್ಟಿಗೆ ವಾಪಸ್ ಕಳಿಸಬೇಕು. ಕಳಿಸದಿದ್ದರೆ ಅವರಿಗೆ ದಂಡ.

ಇನ್ನು ಎಲ್ಲಿ ಹೋಗಬೇಕು ಅನ್ನುವುದು. ಇಬ್ಬರಲ್ಲಿ ಒಬ್ಬರಾದರೂ ವಾಸವಿರುವ ಕೌಂಟಿಯಲ್ಲಿ. ಮಗಳ ಕಡೆಯಿಂದ ಕೊಲಂಬಸ್‌ನ ಫ್ರಾಂಕ್ಲಿನ್ ಕೌಂಟಿ, ಹುಡುಗನ ಕಡೆಯಿಂದ ಕ್ಲೀವ್‌ಲ್ಯಾಂಡ್‌ನ ಕಯಹೋಗಾ ಕೌಂಟಿ. ಯಾವುದಾದರೂ ಸರಿ, ಅಲ್ಲಿ ತೆಗೆದುಕೊಂಡ ಲೈಸೆನ್ಸ್ ಇಡೀ ಒಹಾಯೊದಲ್ಲಿ ನಡೆಯುತ್ತದೆ. ಆದರೆ ವಿಳಾಸ ಸರಿಯಾಗಿ ನೋಡಿಕೊಳ್ಳಲಿ. ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ ನಮ್ಮವರು ಬಹಳ ಇದ್ದಾರೆ. ಆ ಊರೊಂದೇ ಫ್ರಾಂಕ್ಲಿನ್, ಡೆಲವೇರ್, ಯೂನಿಯನ್ ಅಂತ ಮೂರು ಕೌಂಟಿಗಳಿಗೆ ಹಂಚಿಹೋಗಿದೆ. ‘ಡಬ್ಲಿನ್ ಅಂದ್ರೆ ಕೊಲಂಬಸ್ ತಾನೇ’ ಅಂತ ಸೀದಾ ಡೌನ್‌ಟೌನ್‌ಗೆ ಹೋಗಿ, ಪಾರ್ಕಿಂಗ್‌ಗೂ ದುಡ್ಡು ಕೊಟ್ಟು, ‘ನಿಮ್ಮ ಮನೆ ಡೆಲವೇರ್ ಕೌಂಟಿಯಲ್ಲಿದೆ’ ಅನ್ನಿಸಿಕೊಂಡು ಬರುವವರು ಇದ್ದೇ ಇರುತ್ತಾರೆ.

ಇಬ್ಬರೂ ಖುದ್ದಾಗಿ ಹೋಗಬೇಕು. ಅರ್ಜಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ತುಂಬಲು ಹಲವು ಕೌಂಟಿಗಳು ಬಿಡುತ್ತವೆ, ತುಂಬಿಕೊಂಡು ಹೋದರೆ ಕೌಂಟರಿನಲ್ಲಿ ಬೇಗ ಮುಗಿಯುತ್ತದೆ. ಫೋಟೋ ಇರುವ ಗುರುತಿನ ಚೀಟಿ ಬೇಕು; ಪಾಸ್‌ಪೋರ್ಟ್ ಆದರೆ ಒಳ್ಳೆಯದು. ಸೋಶಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ ಹೇಳಬೇಕು. ಮೊದಲೊಂದು ಮದುವೆಯಾಗಿ ಡೈವೋರ್ಸ್ ಆಗಿದ್ದರೆ ಆ ತೀರ್ಪಿನ ಪ್ರತಿ ಬೇಕು. ರಕ್ತಪರೀಕ್ಷೆ ಇಲ್ಲ. ಸಾಕ್ಷಿಯೂ ಬೇಡ, ನೀವು ಬರಲೇಬೇಕೆಂದಿಲ್ಲ. ಬಂದರೆ ಯಾರೂ ಬೇಡ ಅನ್ನುವುದೂ ಇಲ್ಲ. ಕೌಂಟರಿನ ಆಚೆ ಜರತಾರಿ ಸೀರೆ ಉಟ್ಟು ನಿಂತ ಅತ್ತೆಯರನ್ನು ಎಷ್ಟೋ ನೋಡಿದ್ದೇನೆ.

ಅಲ್ಲಿ ಬಲಗೈ ಎತ್ತಿಸಿ, ಹೇಳಿದ್ದೆಲ್ಲ ನಿಜ ಅಂತ ಪ್ರಮಾಣ ಮಾಡಿಸುತ್ತಾರೆ. ಹೆಸರು, ವಯಸ್ಸು, ಹುಟ್ಟಿದ ಊರು, ಕೆಲಸ, ತಂದೆಯ ಹೆಸರು, ಮದುವೆ ಮಾಡಿಸುವವರ ಹೆಸರು. ಇವೆಲ್ಲ ಸಲೀಸು. ನಮ್ಮ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ: ತಾಯಿಯ ತವರಿನ ಹೆಸರು. ಒಬ್ಬ ಹುಡುಗ ನನ್ನ ಕಣ್ಣೆದುರೇ ಊರಿಗೆ ಫೋನ್ ಹಚ್ಚಿದ. ಒಹಾಯೊದಲ್ಲಿ ಮಧ್ಯಾಹ್ನ, ಅಲ್ಲಿ ನಡುರಾತ್ರಿ. ‘ಅಮ್ಮಾ, ಮದುವೆಗೆ ಮುಂಚೆ ನಿನ್ನ ಹೆಸರೇನಿತ್ತು?’ ಆ ಕಡೆಯಿಂದ ಜೋರಾಗಿ, ‘ಈಗಿರೋದೇ ಕಣೋ! ಏನೋ, ಕುಡಿದಿದ್ದೀಯಾ?’ ನಾನು ಕನ್ನಡದವಳು ಅಂತ ಅವನಿಗೆ ಗೊತ್ತಿರಲಿಲ್ಲ, ನಾನು ನಕ್ಕಿದ್ದು ನೋಡಿ ಗೊತ್ತಾಯಿತು. ಅಂದಹಾಗೆ ಕುಡಿದು ಬಂದವರಿಗೆ ಲೈಸೆನ್ಸ್ ಕೊಡಕೂಡದು ಅಂತ ಒಹಾಯೊ ಕಾನೂನಿನಲ್ಲಿ ಬರೆದೇ ಇದೆ. ಹಾಗಾಗಿ ಆ ತಾಯಿ ಕೇಳಿದ ಪ್ರಶ್ನೆ ಕಾನೂನುಬದ್ಧವಾಗಿಯೇ ಇತ್ತು! ನಿಮ್ಮ ಮಗಳಿಗೆ ಈಗಲೇ ಹೇಳಿಬಿಡಿ, ಮದುವೆಗೆ ಮುಂಚೆ ನಿಮ್ಮ ಶಾಲೆಯ ದಾಖಲೆಯಲ್ಲಿ ಹೆಸರು ಹೇಗಿತ್ತೋ ಅದನ್ನೇ ಬರೆಯಲಿ. ‘ಗೊತ್ತಿದ್ದರೆ’ ಅಂತ ಕಾನೂನೇ ಹೇಳುತ್ತದೆ, ತಲೆ ಕೆಡಿಸಿಕೊಳ್ಳುವುದು ಬೇಡ.

ಒಂದೇ ಒಂದು ಎಚ್ಚರಿಕೆ, ಇದು ಮುಖ್ಯ. ಲೈಸೆನ್ಸ್ ನಡೆಯುವುದು 60 ದಿನ ಮಾತ್ರ. ನಮ್ಮವರಿಗೆ ಆಷಾಢ ಬರುವ ಮುಂಚೆ ಎಲ್ಲ ಮುಗಿಸಿಬಿಡುವ ಚಪಲ. ಜೂನ್ ಮೊದಲ ವಾರ ತೆಗೆದುಕೊಂಡ ಲೈಸೆನ್ಸ್ ಆಗಸ್ಟ್ ಮೊದಲ ವಾರಕ್ಕೆ ಸತ್ತುಹೋಗುತ್ತದೆ. ಶ್ರಾವಣದ ಮುಹೂರ್ತ ಆಗಸ್ಟ್ ಕೊನೆಗಿದ್ದರೆ ಹೊಸ ಅರ್ಜಿ, ಹೊಸ ಫೀಸು. ಒಹಾಯೊದಲ್ಲಿ ಕಾಯುವ ಅವಧಿ ಅಂತ ಏನೂ ಇಲ್ಲ, ಹೋದ ದಿನವೇ ಕೊಡುತ್ತಾರೆ. ಅವಸರ ಯಾಕೆ? ಮದುವೆಗೆ ಎರಡು ಮೂರು ವಾರ ಇರುವಾಗ ಹೋದರೆ ಸಾಕು. ಕೋರ್ಟಿಗೆ ಹೋಗಲು ಆಷಾಢದ ಅಡ್ಡಿಯಿಲ್ಲ, ಯಾವ ಪಂಚಾಂಗದಲ್ಲೂ ಕೌಂಟಿಯ ಹೆಸರಿಲ್ಲ.

ಪ್ರಶ್ನೆ: ನಾವು ಒಹಾಯೊದವರು. ಮದುವೆಯನ್ನು ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಮಾಡಬೇಕೆಂದು ಹರಕೆ. ನಮ್ಮ ಕೌಂಟಿಯ ಲೈಸೆನ್ಸ್ ಅಲ್ಲಿ ನಡೆಯುತ್ತದಾ? ಅದಾಗದಿದ್ದರೆ ಇಲ್ಲೇ ಮನೆಯಲ್ಲಿ ನನ್ನ ಚಿಕ್ಕಪ್ಪ ಮಾಡಿಸಬಹುದಾ? ಅವರು ಊರಿನಲ್ಲಿ ಪೌರೋಹಿತ್ಯ ಮಾಡುತ್ತಾರೆ, ಮದುವೆಗೆಂದು ಬರುತ್ತಿದ್ದಾರೆ.
— ಆಕ್ರನ್, ಒಹಾಯೊ

ಉತ್ತರ: ನಡೆಯುವುದಿಲ್ಲ. ಪಿಟ್ಸ್‌ಬರ್ಗ್ ಇರುವುದು ಪೆನ್ಸಿಲ್ವೇನಿಯಾದಲ್ಲಿ. ಕಾರಿನಲ್ಲಿ ಎರಡು ಗಂಟೆಯ ದಾರಿಯಾದರೂ ರಾಜ್ಯ ಬೇರೆ, ಲೈಸೆನ್ಸೂ ಬೇರೆ. ಹರಕೆ ಅಂದಮೇಲೆ ಅಲ್ಲಿನದನ್ನೇ ತೆಗೆದುಕೊಳ್ಳಿ. ಪೆನ್ಸಿಲ್ವೇನಿಯಾದಲ್ಲಿ ಅರ್ಜಿ ಕೊಟ್ಟು 3 ದಿನ ಕಾಯಬೇಕು. ಅಲ್ಲೂ 60 ದಿನದ ಗಡುವೇ. ಶುಕ್ರವಾರ ಸಂಜೆ ಹೋಗಿ ಭಾನುವಾರ ತಾಳಿ ಕಟ್ಟಿಸುತ್ತೇವೆ ಅನ್ನುವುದು ಆಗದ ಮಾತು.

ಮನೆಯಲ್ಲೇ ಮಾಡುವುದಾದರೆ ಚಿಕ್ಕಪ್ಪನವರು ಮಂತ್ರ ಹೇಳಬಹುದು, ಮದುವೆಯನ್ನೂ ಚೆನ್ನಾಗಿಯೇ ಮಾಡಿಸಬಹುದು. ಆದರೆ ಕಾಗದಕ್ಕೆ ಅವರ ಸಹಿ ನಡೆಯಬೇಕಾದರೆ ಒಹಾಯೊದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಮದುವೆ ಮಾಡಿಸುವ ಪರವಾನಗಿ ಇರಬೇಕು. ಸುತ್ತಮುತ್ತಲ ದೇವಸ್ಥಾನಗಳ ಅರ್ಚಕರಲ್ಲಿ ಅದನ್ನು ಮಾಡಿಸಿಕೊಂಡವರು ಇರುತ್ತಾರೆ. ಚಿಕ್ಕಪ್ಪನವರ ಪಕ್ಕದಲ್ಲಿ ಅಂಥವರೊಬ್ಬರನ್ನು ಕೂರಿಸಿಕೊಂಡು, ಸಹಿ ಅವರಿಂದ ಹಾಕಿಸಿದರೆ ಇಬ್ಬರಿಗೂ ಮರ್ಯಾದೆ. ಅದೂ ಬೇಡವಾದರೆ ಕೋರ್ಟಿನ ಜಡ್ಜ್ ಅಥವಾ ನಿಮ್ಮೂರಿನ ಮೇಯರ್ ಮುಂದೆ ಎರಡು ನಿಮಿಷದಲ್ಲಿ ಮದುವೆ ಮುಗಿಸಿ, ಆಮೇಲೆ ಧಾರೆ ಎರೆಯಬಹುದು. ಹಾಗೆ ಮಾಡಿದರೆ ಕಾನೂನಿನ ಮದುವೆ ದಿನ ಆ ಜಡ್ಜ್ ಮುಂದೆ ನಿಂತ ದಿನ, ಅದನ್ನು ಮರೆಯಬೇಡಿ. ಒಹಾಯೊದಲ್ಲಿ ಮದುವೆ ಮಾಡಿಸಲು ಅಧಿಕಾರ ಇರುವವರ ಪಟ್ಟಿಯಲ್ಲಿ ರಾಜ್ಯದ ಕಿವುಡರ ಶಾಲೆಯ ಸೂಪರಿಂಟೆಂಡೆಂಟ್ ಕೂಡ ಇದ್ದಾರೆ! ನಿಮಗೆ ಉಪಯೋಗವಿಲ್ಲದ ಮಾಹಿತಿ, ನನಗೆ ಮಾತ್ರ ಬಹಳ ಇಷ್ಟ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ, ಹೆಸರು ಒಂದೇ. ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಅಂತ ಬಂದಿದೆ. ಈಗ ಮದುವೆ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಅಪ್ಪನ ಹೆಸರನ್ನು ಸರ್‌ನೇಮ್ ಅಂತ ಸೇರಿಸಿಬಿಡಲಾ?
— ದಾವಣಗೆರೆಯ ಹುಡುಗ, ಈಗ ಸಿನ್ಸಿನಾಟಿ

ಉತ್ತರ: ಬೇಡ. ಅದೊಂದನ್ನು ಮಾತ್ರ ಮಾಡಬೇಡಿ. ಗುರುತಿನ ಚೀಟಿಯಲ್ಲಿ ಇಲ್ಲದ ಹೆಸರನ್ನು ಲೈಸೆನ್ಸಿನಲ್ಲಿ ತಂದರೆ ಆಮೇಲೆ ಎಲ್ಲ ಕಡೆಯೂ ‘ಇವರಿಬ್ಬರೂ ಒಬ್ಬರೇನಾ?’ ಅಂತ ಕೇಳುತ್ತಾರೆ. ಹೆಂಡತಿಯ ವೀಸಾ, ಗ್ರೀನ್ ಕಾರ್ಡ್, ಊರಿನ ಬ್ಯಾಂಕು, ಎಲ್ಲ ಕಡೆ. ಎಫ್‌ಎನ್‌ಯು ಅಂತ ಬರೆಸಿಕೊಳ್ಳಲು ನಾಚಿಕೆಯಾಗುತ್ತದೆ, ಒಪ್ಪಿದೆ. ಮದುವೆ ದಾಖಲೆಯಲ್ಲಿ ಶಾಶ್ವತವಾಗಿ ‘ಮೊದಲ ಹೆಸರು ಗೊತ್ತಿಲ್ಲದವನು’ ಅಂತ ಕೂರುವುದು ಯಾರಿಗೆ ಬೇಕು? ನಿಮಗೆ ಸಮಯವಿದ್ದರೆ ಮೊದಲು ಪಾಸ್‌ಪೋರ್ಟನ್ನು ಸರಿಮಾಡಿಸಿ, ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿಕೊಂಡು, ಆಮೇಲೆ ಲೈಸೆನ್ಸಿಗೆ ಹೋಗಿ. ಸಮಯವಿಲ್ಲದಿದ್ದರೆ ಈಗಿನ ಪಾಸ್‌ಪೋರ್ಟು, ವೀಸಾದಲ್ಲಿ ಇರುವ ಹಾಗೇ ಬರೆಸಿ.

ಕೌಂಟರಿನಲ್ಲಿ ಪ್ರಿಂಟ್ ಹಾಕುವ ಮುಂಚೆ ‘ಓದಿ ನೋಡಿ’ ಅಂತ ತೋರಿಸುತ್ತಾರೆ. ನಮ್ಮವರು ಓದದೇ ಸುಮ್ನೆ ಸಹಿ ಹಾಕಿಬಿಡುತ್ತಾರೆ. ನಮ್ಮ ಉದ್ದುದ್ದ ಹೆಸರಿನಲ್ಲಿ ಒಂದು ಅಕ್ಷರ ಬಿದ್ದುಹೋದರೂ ಆಮೇಲೆ ತಿದ್ದಿಸಲು ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ಎರಡು ನಿಮಿಷ ನಿಂತು ಒಂದೊಂದೇ ಅಕ್ಷರ ಓದಿ. ಹಿಂದೆ ಕ್ಯೂ ಇದ್ದರೆ ಇರಲಿ, ಅವರೂ ಮದುವೆಗೇ ಬಂದವರು.

ಇನ್ನೊಂದು, ಹುಡುಗಿ ಮದುವೆಯಾದ ಮೇಲೆ ನಿಮ್ಮ ಹೆಸರು ಇಟ್ಟುಕೊಳ್ಳಬೇಕು ಅಂತ ಯಾವ ಕಾನೂನೂ ಇಲ್ಲ. ಇಟ್ಟುಕೊಳ್ಳುವುದಾದರೆ ಮದುವೆ ದಾಖಲೆಯ ಪ್ರಮಾಣಿತ ಪ್ರತಿ ಹಿಡಿದುಕೊಂಡು ಮೊದಲು ಸೋಶಿಯಲ್ ಸೆಕ್ಯುರಿಟಿ ಆಫೀಸು, ಆಮೇಲೆ ಡ್ರೈವಿಂಗ್ ಲೈಸೆನ್ಸ್ ಆಫೀಸು. ಎಫ್‌ಎನ್‌ಯು ಇರುವವರೆಗೆ ಅವಳ ಹೆಸರನ್ನು ಮುಟ್ಟದಿರುವುದೇ ಕ್ಷೇಮ.

ಪ್ರಶ್ನೆ: ನಾನು ಮದುವೆಯಾಗಬೇಕೆಂದಿರುವ ಹುಡುಗ ನನ್ನ ಸ್ವಂತ ಸೋದರತ್ತೆಯ ಮಗ. ಎರಡೂ ಮನೆಯವರಿಗೆ ಸಂತೋಷ. ಆದರೆ ಇಲ್ಲಿ ಲೈಸೆನ್ಸ್ ಸಿಗುವುದಿಲ್ಲ ಅಂತ ಗೆಳತಿಯರು ಹೆದರಿಸುತ್ತಿದ್ದಾರೆ.
— ಹೆಸರು ಬೇಡ, ಒಹಾಯೊ

ಉತ್ತರ: ಗೆಳತಿಯರು ಹೇಳಿದ್ದು ನಿಜ. ಸೆಕೆಂಡ್ ಕಸಿನ್‌ಗಿಂತ ಹತ್ತಿರದ ರಕ್ತಸಂಬಂಧ ಇರಕೂಡದು ಅಂತ ಒಹಾಯೊ ಕಾನೂನು. ಸೆಕೆಂಡ್ ಕಸಿನ್ ಅಂದರೆ ನಿಮ್ಮ ಅಜ್ಜನ ತಮ್ಮನ ಮೊಮ್ಮಗನ ಹಾಗೆ. ಅತ್ತೆ ಮಗ ಅದಕ್ಕಿಂತ ಬಹಳ ಹತ್ತಿರ. ಅರ್ಜಿಯಲ್ಲಿ ಪ್ರಮಾಣ ಮಾಡಿ ಹೇಳಬೇಕಾದ ವಿಷಯ ಇದು, ಸುಳ್ಳು ಹೇಳುವ ಯೋಚನೆಯನ್ನೇ ಮಾಡಬೇಡಿ.

ನಮ್ಮ ಕಡೆ ಅತ್ತೆ ಮಗ, ಮಾವನ ಮಗಳು ಅಂದರೆ ಹುಟ್ಟಿದಾಗಲೇ ನಿಶ್ಚಯವಾದ ಲೆಕ್ಕ. ಹಿಂದೂ ವಿವಾಹ ಕಾಯ್ದೆ ಕೂಡ ಆಯಾ ಜನರಲ್ಲಿ ನಡೆದುಬಂದ ಪದ್ಧತಿಗೆ ವಿನಾಯಿತಿ ಕೊಟ್ಟಿದೆ. ಅಮೆರಿಕದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ರೀತಿ. ಕ್ಯಾಲಿಫೋರ್ನಿಯಾ, ಜಾರ್ಜಿಯಾದಲ್ಲಿ ಅಡ್ಡಿಯಿಲ್ಲ. ಟೆಕ್ಸಾಸ್ 2005ರಲ್ಲಿ ನಿಲ್ಲಿಸಿತು. ನಿಮ್ಮ ಪಕ್ಕದ ಇಂಡಿಯಾನಾದಲ್ಲಿ ಇಬ್ಬರಿಗೂ 65 ತುಂಬಿದ್ದರೆ ಆಗಬಹುದು. ಅಷ್ಟು ದಿನ ಕಾಯುವವರು ಯಾರು, ಅಲ್ವಾ?

ನಿಮಗಿರುವ ದಾರಿ ಊರಿನಲ್ಲೇ ಮದುವೆಯಾಗಿ ಬರುವುದು. ಮದುವೆ ನಡೆದ ಜಾಗದಲ್ಲಿ ಅದು ಕಾನೂನುಬದ್ಧವಾಗಿದ್ದರೆ ಒಹಾಯೊ ಒಪ್ಪುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಮದುವೆಯಾದ ಕಸಿನ್‌ಗಳ ಮೊಕದ್ದಮೆಯೊಂದರಲ್ಲಿ, ಅಲ್ಲಿ ಸರಿಯಾದದ್ದು ಇಲ್ಲೂ ಸರಿ ಅಂತ ಒಹಾಯೊ ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದೆ. ಆದರೂ ಟಿಕೆಟ್ ಮಾಡಿಸುವ ಮುಂಚೆ ಇಮಿಗ್ರೇಶನ್ ವಕೀಲರೊಬ್ಬರ ಹತ್ತಿರ ಅರ್ಧ ಗಂಟೆ ಮಾತಾಡಿ. ಸೋದರಮಾವನನ್ನೇ ಮದುವೆಯಾಗುವವರ ಕತೆ ಇದಕ್ಕಿಂತ ತೊಡಕಿನದು. ಅಂಥವರು ಈ ಉತ್ತರವನ್ನು ನಂಬಿ ಕೂರಬಾರದು.

ಪ್ರಶ್ನೆ: ನಮ್ಮ ದೊಡ್ಡಪ್ಪ 1960ರ ದಶಕದಲ್ಲಿ ಓದಲು ಒಹಾಯೊಗೆ ಹೋದವರು. ಅಲ್ಲೇ ಅಮೆರಿಕದವರನ್ನು ಮದುವೆಯಾಗಿ ಅಲ್ಲೇ ನಿಂತರು. ಹೋದ ವರ್ಷ ತೀರಿಕೊಂಡರು. ಇಲ್ಲಿ ಅಡಿಕೆ ತೋಟದ ಪಾಲಿನ ವಿಷಯಕ್ಕೆ ದೊಡ್ಡಮ್ಮ ಅವರ ಹೆಂಡತಿಯೆಂದು ತೋರಿಸುವ ದಾಖಲೆ ಬೇಕೆಂದು ವಕೀಲರು ಕೇಳುತ್ತಿದ್ದಾರೆ. ದೊಡ್ಡಮ್ಮನಿಗೆ ಈಗ ಮರೆವು. ಮದುವೆ 1969 ಅಥವಾ 1970, ಊರು ಯಾವುದೋ ಗೊತ್ತಿಲ್ಲ. ಸಾಗರದಲ್ಲಿ ಕೂತು ಇದನ್ನು ಹೇಗೆ ಹುಡುಕಲಿ?
— ಸಾಗರ, ಶಿವಮೊಗ್ಗ ಜಿಲ್ಲೆ

ಉತ್ತರ: ಹುಡುಕಬಹುದು. ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಕೈ ತುರಿಸಿದ್ದು ಇದಕ್ಕೇ. ಮದುವೆ ದಾಖಲೆ ಒಹಾಯೊದಲ್ಲಿ ಸಾರ್ವಜನಿಕ ದಾಖಲೆ. ನೀವು ಏನಾಗಬೇಕು ಅಂತ ಕೇಳದೆಯೇ ಪ್ರತಿ ಕೊಡುತ್ತಾರೆ. ಸಮಸ್ಯೆ ಇರುವುದು ಯಾವ ಕೌಂಟಿಯನ್ನು ಕೇಳಬೇಕು ಅನ್ನುವುದರಲ್ಲಿ.

ದಾಖಲೆ ಇರುವುದು ಲೈಸೆನ್ಸ್ ಕೊಟ್ಟ ಕೌಂಟಿಯಲ್ಲಿ. ಮದುವೆ ನಡೆದ ಊರು ಯಾವುದೋ ಇರಬಹುದು, ಅದಕ್ಕೆ ಇಲ್ಲಿ ಲೆಕ್ಕವಿಲ್ಲ. ಲೈಸೆನ್ಸ್ ಕೊಡುವುದು ಹುಡುಗ ಅಥವಾ ಹುಡುಗಿ ವಾಸವಿದ್ದ ಕೌಂಟಿ. ಹಾಗಾಗಿ ಮೊದಲು ಮನೆಯ ಟ್ರಂಕು ತೆಗೆಯಿರಿ. ಆ ವರ್ಷಗಳಲ್ಲಿ ದೊಡ್ಡಪ್ಪ ಬರೆದ ನೀಲಿ ಏರೋಗ್ರಾಮ್‌ಗಳು ಇದ್ದೇ ಇರುತ್ತವೆ. ಹಿಂದುಗಡೆ ಕಳಿಸಿದವರ ವಿಳಾಸ ನೋಡಿ, ಮುದ್ರೆಯ ತಾರೀಕು ನೋಡಿ. ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದ್ದರೆ ಕೊಲಂಬಸ್, ಅಂದರೆ ಫ್ರಾಂಕ್ಲಿನ್ ಕೌಂಟಿ. ಕೇಸ್ ವೆಸ್ಟರ್ನ್ ಆಗಿದ್ದರೆ ಕ್ಲೀವ್‌ಲ್ಯಾಂಡಿನ ಕಯಹೋಗಾ. ಸಿನ್ಸಿನಾಟಿ ಆಗಿದ್ದರೆ ಹ್ಯಾಮಿಲ್ಟನ್. ಅಲ್ಲಿ ಸಿಗದಿದ್ದರೆ ದೊಡ್ಡಮ್ಮನ ತವರೂರಿನ ಕೌಂಟಿ. ಅಮೆರಿಕದ ಹುಡುಗಿಯರು ತವರಿನಲ್ಲೇ ಮದುವೆಯಾಗುವುದು ಜಾಸ್ತಿ, ನಮ್ಮ ಹಾಗೇ.

ಯಾವುದೂ ಗೊತ್ತಾಗದಿದ್ದರೆ ಒಹಾಯೊದ ಆರೋಗ್ಯ ಇಲಾಖೆಯಲ್ಲಿ ಇಡೀ ರಾಜ್ಯದ ಮದುವೆಗಳ ಸೂಚಿಯಿದೆ, 1949ರ ಸೆಪ್ಟೆಂಬರ್ 7ರಿಂದ ಈಚೆಗೆ. ನಿಮ್ಮ 1969 ಅದರೊಳಗೆ ಬರುತ್ತದೆ. ಅವರು ಕೌಂಟಿ ಯಾವುದು ಅಂತ ತಿಳಿಸುತ್ತಾರೆ. ಪ್ರಮಾಣಿತ ಪ್ರತಿಯನ್ನು ಮಾತ್ರ ಆ ಕೌಂಟಿಯ ಪ್ರೊಬೇಟ್ ಕೋರ್ಟೇ ಕೊಡಬೇಕು. ಹಳೆಯ ರಿಜಿಸ್ಟರ್‌ಗಳನ್ನು ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಸಾಗರದಲ್ಲೇ ಕೂತು ಒಂದು ಸಂಜೆ ಹುಡುಕಿ ನೋಡಿ.

ಹುಡುಕುವಾಗ ಹೆಸರಿನ ಬಗ್ಗೆ ಹುಷಾರು. ಆಗಿನ ಗುಮಾಸ್ತರು ಕೇಳಿಸಿದ ಹಾಗೆ ಟೈಪ್ ಮಾಡಿದ್ದಾರೆ. ದೊಡ್ಡಪ್ಪನ ಹೆಸರು ಶ್ರೀನಿವಾಸಮೂರ್ತಿ ಅಂತಿಟ್ಟುಕೊಳ್ಳಿ. ಸೂಚಿಯಲ್ಲಿ ಮೂರ್ತಿ ಸರ್‌ನೇಮ್ ಆಗಿ ‘ಎಂ’ನಲ್ಲಿ ಇರಬಹುದು. ಇಡೀ ಹೆಸರು ಒಂದೇ ಆಗಿ ‘ಎಸ್’ನಲ್ಲಿ ಇರಬಹುದು. ಇನಿಶಿಯಲ್‌ನಲ್ಲಿದ್ದ ಊರಿನ ಹೆಸರೇ ಸರ್‌ನೇಮ್ ಆಗಿ ಕೂತಿರಬಹುದು. ಮೂರ್ತಿಯಲ್ಲಿ ‘ಯು’ ಬದಲು ಎರಡು ‘ಓ’, ‘ಟಿ’ ಪಕ್ಕ ‘ಎಚ್’ ಇರಬಹುದು, ಇಲ್ಲದೆಯೂ ಇರಬಹುದು. ಇಷ್ಟೆಲ್ಲ ಒದ್ದಾಡುವ ಬದಲು ದೊಡ್ಡಮ್ಮನ ತವರಿನ ಹೆಸರಿನಿಂದ ಹುಡುಕಿ. ಅಮೆರಿಕದವರ ಹೆಸರನ್ನು ಅಮೆರಿಕದ ಗುಮಾಸ್ತರು ಸರಿಯಾಗಿಯೇ ಬರೆದಿರುತ್ತಾರೆ. ನನ್ನ ಅನುಭವದಲ್ಲಿ ಇಂಥ ಮದುವೆಗಳು ಸಿಗುವುದು ಬಹುಪಾಲು ಹುಡುಗಿಯ ಕಡೆಯಿಂದಲೇ.

ಸಿಕ್ಕ ಮೇಲೆ ಕೋರ್ಟಿಗೆ ಬರೆದು, ಮೊಹರು ಇರುವ ಪ್ರಮಾಣಿತ ಪ್ರತಿಯನ್ನೇ ಕೇಳಿ. ಬರೀ ಜೆರಾಕ್ಸ್ ತಂದರೆ ನಿಮ್ಮ ವಕೀಲರು ಒಪ್ಪುವುದಿಲ್ಲ. ಆ ಪ್ರತಿ ಒಹಾಯೊದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಹೋಗಬೇಕು. ಅಲ್ಲಿ ಅದಕ್ಕೆ ಅಪಾಸ್ಟಿಲ್ ಎಂಬ ಒಂದು ಹಾಳೆ ಲಗತ್ತಿಸುತ್ತಾರೆ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲು ಮಾಡಿಕೊಂಡ ಅಪಾಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ, ಅಪಾಸ್ಟಿಲ್ ಇದ್ದರೆ ಮತ್ತೆ ಕಾನ್ಸುಲೇಟ್ ಮುದ್ರೆಗಾಗಿ ಅಲೆಯಬೇಕಿಲ್ಲ. ಫೀಸು ಡಾಲರಿನಲ್ಲಿ ಕಟ್ಟಬೇಕಾದ್ದರಿಂದ ದೊಡ್ಡಪ್ಪನ ಮಕ್ಕಳು ಯಾರಾದರೂ ಅಲ್ಲಿದ್ದರೆ ಅವರ ಕೈಯಲ್ಲೇ ಮಾಡಿಸಿ. ತೋಟದ ಪಾಲು ಯಾರಿಗೆಷ್ಟು ಅನ್ನುವುದು ನನ್ನ ಕೌಂಟರಿನ ವಿಷಯವಲ್ಲ, ಅದಕ್ಕೆ ನಿಮ್ಮ ವಕೀಲರಿದ್ದಾರೆ.

ಹಳೆಯದನ್ನು ಹುಡುಕುವ ಚಪಲ ಇರುವ ಬೇರೆ ಓದುಗರಿಗೆ ಒಂದು ಮಾತು. ಪ್ರೊಬೇಟ್ ಕೋರ್ಟುಗಳು ಒಹಾಯೊದಲ್ಲಿ ಶುರುವಾಗಿದ್ದು 1852ರಲ್ಲಿ. 1867ರಿಂದ 1908ರವರೆಗೆ ಹುಟ್ಟು ಸಾವಿನ ದಾಖಲೆಯೂ ಅವರ ಹತ್ತಿರವೇ. ಸಿನ್ಸಿನಾಟಿಯಲ್ಲಿ ಮಾತ್ರ 1884ರ ಗಲಭೆಯಲ್ಲಿ ಕೋರ್ಟ್‌ಹೌಸಿಗೆ ಬೆಂಕಿ ಬಿದ್ದು ಬಹಳಷ್ಟು ಸುಟ್ಟುಹೋಯಿತು. ಕೊಲೆ ಮೊಕದ್ದಮೆಯೊಂದರ ತೀರ್ಪಿಗೆ ಸಿಟ್ಟಾದ ಜನ ಬೆಂಕಿ ಇಟ್ಟರು, ಬೂದಿಯಾಗಿದ್ದು ಪಾಪ ಯಾರದೋ ಮದುವೆಯ ಕಾಗದ.

ಪ್ರಶ್ನೆ: ವೀಸಾ ಅವಸರಕ್ಕೆ ಜನವರಿಯಲ್ಲಿ ಇಲ್ಲೇ ಜಡ್ಜ್ ಮುಂದೆ ಮದುವೆಯಾದೆವು. ಡಿಸೆಂಬರಿನಲ್ಲಿ ಹಾಸನದಲ್ಲಿ ಧಾರೆ. ಅಪ್ಪ ಅಲ್ಲೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದರು. ಈಗ ಎರಡು ಸರ್ಟಿಫಿಕೇಟ್, ಎರಡು ತಾರೀಕು. ಫಾರಮ್ಮುಗಳಲ್ಲಿ ಯಾವುದನ್ನು ಬರೆಯಲಿ?
— ಟೊಲೀಡೊ, ಒಹಾಯೊ

ಉತ್ತರ: ಜನವರಿಯದ್ದು. ನೀವು ಗಂಡ ಹೆಂಡತಿಯಾಗಿದ್ದು ಅವತ್ತು. ಡಿಸೆಂಬರಿನಲ್ಲಿ ಆಗಿದ್ದು ನಿಮ್ಮಿಬ್ಬರದೇ ಮದುವೆಯ ಸಡಗರ. ವಾರ್ಷಿಕೋತ್ಸವ ಬೇಕಾದರೆ ಡಿಸೆಂಬರಿನಲ್ಲೇ ಮಾಡಿ, ಕೇಕ್ ಕತ್ತರಿಸಲು ಕೌಂಟಿಯ ಅಪ್ಪಣೆ ಬೇಡ. ಆದರೆ ಒಂದು ಫಾರಮ್ಮಿನಲ್ಲಿ ಜನವರಿ, ಇನ್ನೊಂದರಲ್ಲಿ ಡಿಸೆಂಬರ್ ಬರೆದರೆ ‘ಯಾವುದು ಸುಳ್ಳು?’ ಅಂತ ಕೇಳುತ್ತಾರೆ. ಎಚ್-4 (ಗಂಡ ಅಥವಾ ಹೆಂಡತಿಯ ಅವಲಂಬಿತ ವೀಸಾ) ಅರ್ಜಿಯಲ್ಲಿ, ಗ್ರೀನ್ ಕಾರ್ಡ್ ಅರ್ಜಿಯಲ್ಲಿ, ತೆರಿಗೆಯಲ್ಲಿ, ಎಲ್ಲ ಕಡೆ ಒಂದೇ ತಾರೀಕು. ಎರಡನೇ ಸರ್ಟಿಫಿಕೇಟ್ ಇದೆ ಅನ್ನುವುದನ್ನು ವಕೀಲರಿಗೆ ಮೊದಲೇ ಹೇಳಿಬಿಡಿ, ಮುಚ್ಚಿಡುವಂಥದ್ದೇನೂ ಇಲ್ಲ.

ಇದನ್ನು ಓದುತ್ತಿರುವ ಅಪ್ಪಂದಿರಿಗೆ: ಮಕ್ಕಳು ಅಮೆರಿಕದಲ್ಲಿ ಕಾಗದ ಮಾಡಿಸಿಕೊಂಡು ಬಂದಿದ್ದರೆ ಊರಿನಲ್ಲಿ ಮತ್ತೊಂದು ಮಾಡಿಸಬೇಡಿ. ಆ ಕಾಗದಕ್ಕೇ ಅಪಾಸ್ಟಿಲ್ ಹಾಕಿಸಿದರೆ ಭಾರತದಲ್ಲೂ ನಡೆಯುತ್ತದೆ. ಭಾರತದವರನ್ನು ಮದುವೆಯಾದ ವಿದೇಶಿಯರು ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಕೇಳಬೇಕಾದರೆ ರಿಜಿಸ್ಟರ್ ಆದ ಮದುವೆಗೆ ಎರಡು ವರ್ಷ ತುಂಬಿರಬೇಕು. ಅದಕ್ಕೂ ಮೊದಲ ತಾರೀಕೇ ಲಾಭ, ಅಲ್ವಾ?

ಮದುವೆಯ ದಿನ ಕೈಗೆ ಕೊಡುವ ಬಂಗಾರದ ಅಂಚಿನ ಚಂದದ ಸರ್ಟಿಫಿಕೇಟ್ ಗೋಡೆಗೆ ಹಾಕಲು ಮಾತ್ರ. ಎಲ್ಲಿ ಕೇಳಿದರೂ ಕೊಡಬೇಕಾದ್ದು ಕೋರ್ಟಿನ ಮೊಹರು ಇರುವ ಪ್ರಮಾಣಿತ ಪ್ರತಿ. ಎರಡು ಮೂರು ಜಾಸ್ತಿಯೇ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಹುಡುಗಿ ಬೆಂಗಳೂರಿನಲ್ಲಿ, ನಾನು ಡೆಟ್ರಾಯಿಟ್‌ನಲ್ಲಿ. ಯೂಟಾದಲ್ಲಿ ಜೂಮ್ ಮೇಲೆ ಮದುವೆ ಮಾಡಿಸುತ್ತಾರಂತೆ, ಹೌದಾ?
— ಮಿಶಿಗನ್

ಉತ್ತರ: ಹೌದು, ಯೂಟಾ ರಾಜ್ಯದ ಯೂಟಾ ಕೌಂಟಿಯಲ್ಲಿ. ಕೋವಿಡ್ ಕಾಲದಲ್ಲಿ ಶುರುವಾಗಿದ್ದು. ಲೈಸೆನ್ಸೂ ಆನ್‌ಲೈನ್, ಮದುವೆಯೂ ಆನ್‌ಲೈನ್. ಆದರೆ ಹುಡುಗ ಹುಡುಗಿ ಒಂದೇ ಜಾಗದಲ್ಲಿ ಇಲ್ಲದೆ ಆದ ಮದುವೆಯನ್ನು ಅಮೆರಿಕದ ಇಮಿಗ್ರೇಶನ್ ಕಾನೂನು ಹಾಗೇ ಒಪ್ಪುವುದಿಲ್ಲ. ಆಮೇಲೆ ಇಬ್ಬರೂ ಭೇಟಿಯಾಗಿ ಸಂಸಾರ ಮಾಡಿರಬೇಕು, ಅದಾದ ಮೇಲೆ ಅರ್ಜಿ ಹಾಕಬೇಕು. ಹೇಗೂ ಬೆಂಗಳೂರಿಗೆ ಟಿಕೆಟ್ ಮಾಡಿಸಲೇಬೇಕು ಅಂದಮೇಲೆ ಅಲ್ಲೇ ತಾಳಿ ಕಟ್ಟಿ ರಿಜಿಸ್ಟರ್ ಮಾಡಿಸುವುದು ವಾಸಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಬೇರೆ ರಾಜ್ಯಗಳಲ್ಲೂ ಪ್ರೊಬೇಟ್ ಕೋರ್ಟೇನಾ?
— ಡಲ್ಲಾಸ್, ಟೆಕ್ಸಾಸ್

ಉತ್ತರ: ಎಲ್ಲ ಕಡೆ ಇಲ್ಲ. ಜಾರ್ಜಿಯಾದಲ್ಲಿ ಪ್ರೊಬೇಟ್ ಕೋರ್ಟೇ. ನಿಮ್ಮ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಇಲಿನಾಯ್‌ನಲ್ಲಿ ಕೌಂಟಿ ಕ್ಲರ್ಕ್. ನ್ಯೂಯಾರ್ಕ್‌ನಲ್ಲಿ ನಗರ ಅಥವಾ ಪಟ್ಟಣದ ಕ್ಲರ್ಕ್. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಕೈಗೆ ಬಂದ ಮೇಲೂ 72 ಗಂಟೆ ಕಾಯಬೇಕು, ನ್ಯೂಯಾರ್ಕ್‌ನಲ್ಲಿ 24 ಗಂಟೆ. ಇಲಿನಾಯ್‌ನವರು ಹುಷಾರು, ಅಲ್ಲಿ ಲೈಸೆನ್ಸ್ ಕೊಟ್ಟ ಕೌಂಟಿಯೊಳಗೇ ಮದುವೆ ನಡೆಯಬೇಕು. ಮಂಟಪ ಪಕ್ಕದ ಕೌಂಟಿಯಲ್ಲಿದ್ದರೆ ಆ ಕೌಂಟಿಯಲ್ಲೇ ಅರ್ಜಿ ಹಾಕಬೇಕು. ಅಲಬಾಮಾದಲ್ಲಿ 2019ರಿಂದ ಲೈಸೆನ್ಸೇ ಇಲ್ಲ. ಒಂದು ಫಾರಂ ತುಂಬಿ, ನೋಟರಿ ಮಾಡಿಸಿ, ಪ್ರೊಬೇಟ್ ಕೋರ್ಟಿನಲ್ಲಿ ದಾಖಲು ಮಾಡಿದರೆ ಮದುವೆ ಆಯಿತು. ಮಂತ್ರ, ಮಾತು, ಪುರೋಹಿತ ಯಾರೂ ಬೇಡ. ನಮ್ಮ ಕೆಲವು ಸೋದರಮಾವಂದಿರಿಗೆ ಇದನ್ನು ಹೇಳಲೇಬಾರದು.

ಪ್ರಶ್ನೆ: ಲೈಸೆನ್ಸ್ ತೆಗೆದುಕೊಂಡಾಗಿದೆ. ಈಗ ಮದುವೆ ಬೇಡ ಅನಿಸುತ್ತಿದೆ. ಡೈವೋರ್ಸ್ ಮಾಡಬೇಕಾ?
— ಹೆಸರು, ಊರು ಬೇಡ

ಉತ್ತರ: ಬೇಡ. ಮದುವೆಯೇ ಆಗಿಲ್ಲವಲ್ಲ. 60 ದಿನ ಸುಮ್ಮನಿದ್ದರೆ ಅದು ತಾನಾಗಿಯೇ ಮುಗಿಯುತ್ತದೆ. ಹುಡುಗನಿಗೆ ಮಾತ್ರ ಇವತ್ತೇ ಹೇಳಿ, ಹಾಲ್‌ನವರಿಗೆ ನಾಳೆ. ಕೌಂಟಿಗೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ.